ಕೊಕ್ಕರೆ ಎಣಿಸುತ್ತಿದ್ದ ಸೋಜರ

ಹೋದ ತಿಂಗಳು ಮಳವಳ್ಳಿಗೆ, ತಂಗಿಯ ಮಗಳ ಮನೆಗೆ ಹೋಗಿದ್ದೆ. ಹೆಣ್ಣು ನೋಡಲು ಬರುವವರಿದ್ದರೆಂದು ಹಿತ್ತಲ ಗೋಡೆಗೆ ಆಗತಾನೆ ಸುಣ್ಣ ಬಳಿದಿದ್ದರು. ಪಕ್ಕದ ಮನೆಯಲ್ಲಿ ಯಾರೋ ಒಣಮೀನು ಹುರಿಯುತ್ತಿದ್ದರು. ಮಟಮಟ ಮಧ್ಯಾಹ್ನ. ಹಸಿ ಸುಣ್ಣದ ವಾಸನೆಯೂ ಮೀನಿನ ವಾಸನೆಯೂ ಬಿಸಿಲಲ್ಲಿ ಒಂದಾಗಿ ಬಂದದ್ದೇ ತಡ, ನನ್ನ ಕೈಯಲ್ಲಿದ್ದ ನೀರಿನ ಲೋಟ ಕೆಳಗೆ ಬಿತ್ತು.

"ಯಾಕ್ ದೊಡ್ಡವ್ವ, ತಲೆ ಸುತ್ತು ಬಂತಾ?" ಎಂದು ತಂಗಿಯ ಮಗಳು ಓಡಿಬಂದಳು.

"ಇಲ್ಲ ಕಣಮ್ಮಿ. ಕೊಕ್ಕರೆ ಮರ."

ಮುದುಕಿಗೆ ಅರಳುಮರಳು ಅಂದುಕೊಂಡಳೋ ಏನೋ, ಕೈ ಹಿಡಿದು ಒಳಗೆ ಕೂರಿಸಿದಳು. ಅರಳುಮರಳು ನನಗೆ ಇನ್ನೂ ಬಂದಿಲ್ಲ. ನನಗಿದ್ದದ್ದು ಬೇರೆ ರೋಗ, ಅನುಮಾನದ ರೋಗ. ಅದು ಹುಟ್ಟಿನಿಂದ ಬಂದದ್ದು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನುವವಳು, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಅನ್ನುವವಳು ನಾನು. ಆ ರೋಗ ನನ್ನ ಕೈಯಿಂದ ಏನು ಮಾಡಿಸಿತು ಅನ್ನುವುದನ್ನು, ಅಂದು ಜೊತೆಗಿದ್ದವರನ್ನು ಬಿಟ್ಟರೆ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಆ ವಾಸನೆ ಬಂದ ಮೇಲೆ ಹೇಳದೆ ಇರಲಾಗುತ್ತಿಲ್ಲ.

ನಾನು ಹುಟ್ಟಿದ್ದು ನಿಡಘಟ್ಟದಲ್ಲಿ, ಬೆಂಗಳೂರು ಮೈಸೂರು ರಸ್ತೆಯ ಪಕ್ಕದಲ್ಲೇ. ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿಸಿ, ಶಿಂಷಾ ಹೊಳೆಯ ದಂಡೆಯ ಒಂದು ಹಳ್ಳಿಗೆ ಕೊಟ್ಟರು. ಮದುವೆಯಾಗಿ ಹೋದ ಮೊದಲ ದಿನವೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮನೆಯ ಹಿತ್ತಲಲ್ಲಿ ದೊಡ್ಡದೊಂದು ಹುಣಸೆಮರ. ಸಂಕ್ರಾಂತಿ ಕಳೆದದ್ದೇ ಅದರ ತುಂಬ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತಿದ್ದವು. ಮುಂಗಾರು ಬರುವ ತನಕ ಮೊಟ್ಟೆ, ಮರಿ, ಮೀನು, ಗಲಾಟೆ. ಎಲೆಗಳೆಲ್ಲ ಸುಣ್ಣ ಸುರಿದಂತೆ ಬೆಳ್ಳಗೆ. ಮರದಡಿ ಗುಂಡಿ ತೋಡಿ ಕೆರೆಮಣ್ಣು ಹಾಕುತ್ತಿದ್ದರು. ಹಿಕ್ಕೆ ಬಿದ್ದು ಬಿದ್ದು ಅದು ಗೊಬ್ಬರವಾಗುತ್ತಿತ್ತು. ಆ ಗೊಬ್ಬರ ಹಾಕಿದ ಹೊಲದ ರಾಗಿತೆನೆ ಬೇರೆಯವರ ತೆನೆಗಿಂತ ಒಂದು ಗೇಣು ಮೇಲೆ.

ಆದರೆ ಅತ್ತೆಗೆ ಅವು ಗೊಬ್ಬರದ ಹಕ್ಕಿಗಳಲ್ಲ. "ಎಣ್ಮಕ್ಳು ಕಣಮ್ಮಿ ಇವು. ಬಾಣಂತನಕ್ಕೆ ತವರಿಗೆ ಬಂದವೆ," ಅನ್ನುತ್ತಿದ್ದರು. ಬಾಣಂತಿ ಮನೆಯ ಕಟ್ಟುಪಾಡೆಲ್ಲ ಆ ಮರಕ್ಕೂ ಇತ್ತು. ಕಲ್ಲು ಎಸೆಯಬಾರದು, ಬೆರಳು ತೋರಿಸಬಾರದು, ದಿಟ್ಟಿಸಿ ನೋಡಬಾರದು. ಮರಿಗಳನ್ನು ಎಣಿಸುವುದಂತೂ ಮಹಾಪಾಪ, ಎಣಿಸಿದರೆ ಎಣಿಸಿದಷ್ಟು ಉಳಿಯುವುದಿಲ್ಲ. ಇನ್ನೊಂದು ಮಾತು: ಆ ತಿಂಗಳುಗಳಲ್ಲಿ ಮರದ ಹತ್ತಿರ ಬಂದವರು ಯಾರೇ ಆಗಲಿ, ಬಾಣಂತಿ ನೋಡಲು ಬಂದವರ ಲೆಕ್ಕ. ಮಜ್ಜಿಗೆಯಾದರೂ ಕೊಡಬೇಕು, ಒಣಗಂಟಲಲ್ಲಿ ಕಳಿಸಬಾರದು.

ನಾನು ಹೇಳುತ್ತಿರುವುದು ಕ್ವಿಟ್ ಇಂಡಿಯಾ ಗಲಾಟೆಯ ಮಾರನೇ ವರ್ಷದ ಮಾತು. ನಮ್ಮವರು ಹುಡುಗರಾಗಿದ್ದಾಗಲೇ ಶಿವಪುರದಲ್ಲಿ ಬಾವುಟ ಏರಿಸಿದ ಗುಂಪಿನಲ್ಲಿ ನಿಂತಿದ್ದವರು. ಗಲಾಟೆ ಶುರುವಾದಾಗ ರೈಲುದಾರಿಯ ಪಕ್ಕದ ತಂತಿ ಕತ್ತರಿಸಿ ತಲೆಮರೆಸಿಕೊಂಡರು. ಪೊಲೀಸು ದಫೇದಾರ ಎರಡು ಸಲ ಬಂದು ಮನೆ ಜಾಲಾಡಿದ. ಹೋಗುವಾಗ, "ಎಲ್ಲೋಯ್ತಾನೆ? ಎಂಡ್ರು ಇರೋ ಕಡೆಗೆ ಒಂದಿನ ಬಂದೇ ಬತ್ತಾನೆ. ನಾವ್ ಕಾಯ್ತೀವಿ," ಎಂದು ನನ್ನ ಮುಖಕ್ಕೇ ಹೇಳಿಹೋದ.

ಅವನು ಹೇಳಿದ್ದು ನಿಜವೇ. ನಮ್ಮವರು ಬರುತ್ತಿದ್ದರು. ಕತ್ತಲಲ್ಲಿ ಅಲ್ಲ, ಕತ್ತಲಲ್ಲಿ ಕಾಯುವವರಿದ್ದಾರೆಂದು ಅವರಿಗೆ ಗೊತ್ತಿತ್ತು. ಸಂತೆಯ ದಿನ ಸುಡುಬಿಸಿಲಲ್ಲಿ ಬರುತ್ತಿದ್ದರು. ಊರಿಗೆ ಊರೇ ಸಂತೆಗೆ ಹೋಗಿರುತ್ತಿತ್ತು, ಉಳಿದವರು ಮಲಗಿರುತ್ತಿದ್ದರು. ಹೊಳೆಯಾಚೆಯ ಕಬ್ಬಿನ ಗದ್ದೆಯಿಂದ ಬತ್ತಿದ ಮರಳಲ್ಲಿ ಇಳಿದು, ಹುಣಸೆಮರದಡಿ ಹಾದು, ಹಿತ್ತಲ ಬಾಗಿಲಿಗೆ ಬರುವುದು. ಬಾಗಿಲ ಗೂಟದಲ್ಲಿ ಮೊರ ತೂಗುತ್ತಿದ್ದರೆ ಬರಬಹುದು. ಇಲ್ಲದಿದ್ದರೆ ಹೊಳೆಯಿಂದಲೇ ವಾಪಸು. ಮುದ್ದೆ ಉಂಡು, ಅವರವ್ವನ ಮಡಿಲಲ್ಲಿ ಒಂದು ಗಳಿಗೆ ತಲೆಯಿಟ್ಟು, ನನ್ನ ಹತ್ತಿರ ಎರಡು ಮಾತಾಡಿ ಹೊರಟುಹೋಗುತ್ತಿದ್ದರು.

ಶಿವರಾತ್ರಿ ಹೊತ್ತಿಗೆ ದಂಡು ಬಂತು. ಊರಿಗೆ ಒಂದು ಮೈಲಿ ದೂರದ ದಿಣ್ಣೆಯ ಮೇಲೆ ಡೇರೆಗಳು, ಲಾರಿಗಳು, ಆಕಾಶಕ್ಕೆ ನೆಟ್ಟ ಕಬ್ಬಿಣದ ಕಂಬಗಳು. ಯುದ್ಧ ಬರ್ಮಾದ ಕಡೆ ನಡೆಯುತ್ತಿತ್ತಂತೆ. ಮದ್ದೂರು ಸೀಮೆಯಲ್ಲಿ ಇವರಿಗೇನು ಕೆಲಸ ಎಂದು ಯಾರಿಗೂ ತಿಳಿಯದು. ರಾಗಿ ಹೊತ್ತುಕೊಂಡು ಹೋಗುತ್ತಾರೆ ಅಂದರು ಕೆಲವರು, ಗಂಡಸರನ್ನು ಹಿಡಿದುಕೊಂಡು ಹೋಗುತ್ತಾರೆ ಅಂದರು ಇನ್ನು ಕೆಲವರು. ನಾನು ಎರಡನ್ನೂ ನಂಬಿದೆ.

ದಂಡಿನಿಂದ ಒಬ್ಬ ಬಿಳಿ ಸೋಜರ ಸೈಕಲ್ಲು ತುಳಿದುಕೊಂಡು ನಮ್ಮ ಹಿತ್ತಲಿಗೇ ಬಂದ. ಕಡ್ಡಿ ಪೈಲ್ವಾನ. ಕತ್ತಿನ ಚರ್ಮ ಬಿಸಿಲಿಗೆ ಸುಲಿದು ಕೆಂಪಗಾಗಿತ್ತು. ಬೇಲಿಯಾಚೆ ನಮ್ಮ ಹೊಲದ ಗಡಿಕಲ್ಲಿತ್ತು, ಅದರ ಮೇಲೆ ಕೂತ. ಎದೆಯ ಮೇಲೆ ದುರ್ಬೀನು, ತೊಡೆಯ ಮೇಲೆ ಪುಸ್ತಕ, ಪುಸ್ತಕಕ್ಕೆ ದಾರ ಕಟ್ಟಿದ ಸೀಸದಕಡ್ಡಿ. ನೋಡುವುದು, ಬರೆಯುವುದು. ಅವನು ಕೂತರೂ ಎದ್ದರೂ ಕೊಕ್ಕರೆಗಳೆಲ್ಲ ಗೂಡಿನಲ್ಲಿ ಎದ್ದು ನಿಂತು ಕೊಕ್ಕು ಕಟಕಟ ಬಡಿಯುತ್ತಿದ್ದವು, ಕೆಳಗಿನ ಕೊಂಬೆಯವು ಹಾರಿಯೇ ಹೋಗುತ್ತಿದ್ದವು.

ಅತ್ತೆ ಪದ್ಧತಿಯಂತೆ ಚೆಂಬಿನಲ್ಲಿ ಮಜ್ಜಿಗೆ ತೆಗೆದುಕೊಂಡು ಹೊರಟರು. ನಾನು ಅಡ್ಡ ನಿಂತೆ.

"ಬ್ಯಾಡಿ ಅತ್ತೆ. ಒಂದಪ ಕೊಟ್ರೆ ದಿನಾ ಬತ್ತಾನೆ."

"ಮರದ ತಾವ್ಕೆ ಬಂದೋನ್ಗೆ ಇಲ್ಲ ಅನ್ನಬಾರ್ದು ಕಣಮ್ಮಿ."

"ಅವ್ನು ಮರ ನೋಡಾಕ್ ಬಂದಿಲ್ಲ. ಮನೆ ನೋಡಾಕ್ ಬಂದವ್ನೆ. ಬೆಳ್ಳಗಿರೋದೆಲ್ಲ ಹಾಲಾ?"

ಅತ್ತೆ ಚೆಂಬು ಹಿಡಿದು ವಾಪಸು ಒಳಗೆ ಹೋದರು. ಸೋಜರ ಹೋದ ಮೇಲೆ ನಾನೇ ಹೋಗಿ ಆ ಗಡಿಕಲ್ಲಿನ ಮೇಲೆ ಕೂತು ನೋಡಿದೆ. ಮರ ಕಂಡಿತು, ನಿಜ. ಮರದ ಸಂದಿಯಲ್ಲಿ ನಮ್ಮ ಹಿತ್ತಲ ಬಾಗಿಲೂ ಕಂಡಿತು, ಮೊರ ತಗುಲಿಸುವ ಗೂಟವೂ ಕಂಡಿತು, ಹೊಳೆಯಿಂದ ಬರುವ ಕಾಲುದಾರಿಯೂ ಕಂಡಿತು. ಆಮೇಲೆ ನನಗೆ ಯಾವ ಸಂಶಯವೂ ಉಳಿಯಲಿಲ್ಲ. ದಫೇದಾರ ಕಾಯುತ್ತೇವೆ ಅಂದದ್ದು ಇದನ್ನೇ. ಹಕ್ಕಿ ನೋಡಲು ಸಮುದ್ರ ದಾಟಿ ಬರುವ ಮೂಢ ಈ ಲೋಕದಲ್ಲಿ ಎಲ್ಲಾದರೂ ಇರುತ್ತಾನೆಯೇ?

ಅತ್ತೆಗೆ ಅವನ ಮೇಲೆ ಕೋಪ ಬಂದದ್ದು ಬೇರೆ ಕಾರಣಕ್ಕೆ. ಒಂದು ದಿನ ಅವನು ಬೆರಳು ಮಡಚಿ ಮಡಚಿ ಗೂಡುಗಳನ್ನು ಎಣಿಸುವುದನ್ನು ಕಂಡುಬಿಟ್ಟರು. "ಬಾಣಂತಿ ಮಕ್ಳ ಎಣಿಸ್ತಾನಲ್ಲಮ್ಮಿ! ಅವನ್ ಕಣ್ ಇಂಗೋಗ!" ಎಂದು ಪೊರಕೆ ಹಿಡಿದುಕೊಂಡೇ ಓಡಿದರು. ಅವನು ಎದ್ದು ಟೋಪಿ ತೆಗೆದು ನಕ್ಕ. ಪೊರಕೆ ತೋರಿಸಿದರೆ ನಗುವವನನ್ನು ಏನು ಮಾಡುವುದು? ಮಾರನೆಯ ದಿನ ಬೆಳಿಗ್ಗೆಯೇ ಬಂದು ಕೂತಿದ್ದ.

ಮೂರು ಸಂತೆ ನಾನು ಮೊರ ತಗುಲಿಸಲಿಲ್ಲ. ಮೂರು ಸಲವೂ ಹೊಳೆಯಾಚೆ ಕಬ್ಬಿನ ಸೋಗೆ ಅಲುಗಿ ಸುಮ್ಮನಾಗುವುದನ್ನು ನೋಡಿದೆ. ಅವರು ಏನು ತಿನ್ನುತ್ತಿದ್ದಾರೋ ಎಂದು ನೆನೆದು ನನ್ನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ನಾಲ್ಕನೆಯ ಸಂತೆಯ ದಿನ, ಮೊರ ಇಲ್ಲದಿದ್ದರೂ, ಅವರು ಬಂದೇಬಿಟ್ಟರು.

ಸೋಜರ ಕಲ್ಲಿನ ಮೇಲೆಯೇ ಇದ್ದ. ನಾಯಿ ಕೂಡ ಹೊರಗೆ ಬಾರದ ಬಿಸಿಲಲ್ಲಿ ಅವನೊಬ್ಬ ಕೂತಿದ್ದ. ನಮ್ಮವರು ಮೈತುಂಬ ಕಂಬಳಿ ಹೊದ್ದುಕೊಂಡು, ತೂರಾಡುತ್ತ, ಮರದಡಿಯೇ ನಡೆದು ಬಂದರು. ಅವರಿಗೆ ಎದುರಿಗೆ ಯಾರಿದ್ದಾರೆ ಅನ್ನುವ ಪ್ರಜ್ಞೆಯೇ ಇರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ಕಲ್ಲಾಗಿ ನಿಂತಿದ್ದೆ. ಸೋಜರ ದುರ್ಬೀನು ಎತ್ತಿದ. ಇಳಿಸಿದ. ಮರದ ಮೇಲಕ್ಕೊಮ್ಮೆ ನೋಡಿದ. ಆಮೇಲೆ ಪುಸ್ತಕ ತೆಗೆದು ಬರೆಯತೊಡಗಿದ.

ಒಳಗೆ ಎಳೆದುಕೊಂಡು ಮೈ ಮುಟ್ಟಿದರೆ ಕಾದ ಹೆಂಚು. ಚಳಿಜ್ವರ. ಅಟ್ಟಕ್ಕೆ ಹತ್ತಿಸಿ ಮಲಗಿಸಿದೆವು. ಮೂರು ಗೋಣಿ ಹೊದಿಸಿದರೂ ಅಟ್ಟದ ಹಲಗೆ ಗಡಗಡ ಅನ್ನುತ್ತಿತ್ತು. ಅತ್ತೆ ಕಷಾಯ ಕಾಯಿಸುತ್ತ ಕಾಯಿಸುತ್ತ ಅಳುತ್ತಿದ್ದರು. ಈಗಲೋ ಇನ್ನೊಂದು ಗಳಿಗೆಗೋ ಪೊಲೀಸು ಬರುತ್ತಾರೆಂದು ನಾನು ಮುಂಬಾಗಿಲನ್ನೇ ನೋಡುತ್ತಿದ್ದೆ. ಆ ದಿನ ಯಾರೂ ಬರಲಿಲ್ಲ. ಬರದಿದ್ದದ್ದೂ ನನಗೆ ಒಂದು ಸಂಚಿನಂತೆಯೇ ಕಂಡಿತು.

ಮಾರನೆಯ ಬೆಳಿಗ್ಗೆ ಸೋಜರ ಬೇಲಿಯ ತನಕ ಬಂದ. ನನ್ನನ್ನು ನೋಡಿ ಎರಡು ಕೈ ಎದೆಗೆ ಅವಚಿಕೊಂಡು ಮೈಯನ್ನು ಗಡಗಡ ನಡುಗಿಸಿ ತೋರಿಸಿದ. ಮನೆಯ ಕಡೆ ಬೆರಳು ಮಾಡಿದ. ಆಮೇಲೆ ಗಡಿಕಲ್ಲಿನ ಮೇಲೆ ಒಂದು ಸಣ್ಣ ತಗಡಿನ ಡಬ್ಬಿ ಇಟ್ಟು, ದೂರ ಹೋಗಿ ನಿಂತ. ಹೋಗಿ ತೆಗೆದು ನೋಡಿದೆ. ಹಳದಿ ಗುಳಿಗೆಗಳು.

ನನ್ನ ತಲೆ ಆಗ ಹೇಗೆ ಓಡಿತು ನೋಡಿ. ಗುಳಿಗೆ ತೆಗೆದುಕೊಂಡರೆ ಮನೆಯೊಳಗೆ ರೋಗಿ ಇದ್ದಾನೆಂದು ನಾನೇ ಒಪ್ಪಿಕೊಂಡಂತೆ. ತೆಗೆದುಕೊಳ್ಳದೆ ಅಲ್ಲೇ ಬಿಟ್ಟರೆ ಊರವರು ನೋಡಿ ಕೇಳುತ್ತಾರೆ. ನುಂಗಿಸಿದರೆ, ಅದು ವಿಷವೇ ಇರಬೇಕು, ಇಲ್ಲದಿದ್ದರೆ ಶತ್ರುವಿನ ಮನೆಗೆ ಯಾರು ಮದ್ದು ಕೊಡುತ್ತಾರೆ? ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಮರದ ಮರೆಯಲ್ಲಿ ಗೊಬ್ಬರದ ಗುಂಡಿಗೆ ಗುಳಿಗೆಗಳನ್ನು ಸುರಿದು, ಕಾಲಿಂದ ಮಣ್ಣು ಎಳೆದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಅಟ್ಟದ ಮೇಲೆ ಹಲಗೆ ಆಗಲೂ ನಡುಗುತ್ತಿತ್ತು.

ಇನ್ನು ಅವರನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನಮ್ಮವರ ದೊಡ್ಡಪ್ಪನ ಮಗ ಬೋರಣ್ಣ ಇದ್ದ. ಪ್ರತಿವರ್ಷ ನಮ್ಮ ಮರದ ಗೊಬ್ಬರ ಹೊಡೆದುಕೊಂಡು ಹೋಗಲು ಗಾಡಿ ತರುತ್ತಿದ್ದ. ಅವನಿಗೆ ಹೇಳಿಕಳಿಸಿದೆ. ಒಂದೇ ರಕ್ತ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಜಗತ್ತನ್ನೆಲ್ಲ ಅನುಮಾನಿಸಿದ ನಾನು ಅವನೊಬ್ಬನನ್ನು ಅನುಮಾನಿಸಲಿಲ್ಲ.

"ನೀನೇನ್ ಯೋಚ್ನೆ ಮಾಡ್ಬ್ಯಾಡ ಕಣಮ್ಮಿ. ನನ್ ಅಟ್ಟಿಲಿ ಅವ್ನಿದ್ರೆ ದ್ಯಾವ್ರಿಗೂ ಗೊತ್ತಾಗಾಕಿಲ್ಲ," ಅಂದ ಬೋರಣ್ಣ.

ಗಾಡಿಯ ತಳದಲ್ಲಿ ಅವರನ್ನು ಮಲಗಿಸಿ, ಮೇಲೆ ಬಿದಿರ ತಟ್ಟಿ ಮುಚ್ಚಿ, ಅದರ ಮೇಲೆ ಕೊಕ್ಕರೆ ಗೊಬ್ಬರ ಹರಡಿದೆವು. ಆ ನಾತಕ್ಕೆ ಯಾವ ಪೊಲೀಸಿನವನೂ ಕೋಲು ಹಾಕಿ ಕೆದಕುವುದಿಲ್ಲ ಎನ್ನುವ ಉಪಾಯ ನನ್ನದೇ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಆಮೇಲೆ ಉಳಿದದ್ದು ಆ ಪುಸ್ತಕ. ಅದರಲ್ಲಿ ನಮ್ಮವರ ಬಗ್ಗೆ ಬರೆದದ್ದು ದಂಡಿನಿಂದ ಠಾಣೆಗೆ ಹೋಗುವ ಮೊದಲು ಅದು ನನ್ನ ಕೈಗೆ ಬರಬೇಕಿತ್ತು. ಒಂದು ಗಾಳಿಯ ದಿನ ಗೂಡಿನಿಂದ ಒಂದು ಮರಿ ಕೆಳಗೆ ಬಿತ್ತು. ಅತ್ತೆ ಎದೆ ಬಡಿದುಕೊಂಡರು. ಸೋಜರ ಪುಸ್ತಕವನ್ನು ಕಲ್ಲಿನ ಮೇಲೆ ಬಿಟ್ಟು, ಬೇಲಿ ಹಾರಿ ಬಂದು, ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮರ ಹತ್ತಿದ. ಹುಣಸೆಯ ಸಿಬಿರು ಕೈ ತುಂಬ ಗೀರಿತು. ಮೈಮೇಲೆಲ್ಲ ಹಿಕ್ಕೆ ಸುರಿಯಿತು. ಎಲ್ಲರೂ ಮೇಲೆ ನೋಡುತ್ತಿದ್ದಾಗ ನಾನು ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಇಳಿದು ಬಂದವನು ಹುಡುಕಿದ. ಕಲ್ಲಿನ ಸುತ್ತ, ಬೇಲಿಯಲ್ಲಿ, ಹೊಲದಲ್ಲಿ. ನನ್ನ ಮುಂದೆ ನಿಂತು ಅಂಗೈಯ ಮೇಲೆ ಬರೆದಂತೆ ಮಾಡಿ ತೋರಿಸಿದ. ನಾನು ತಲೆಯಾಡಿಸಿದೆ. ಅವನ ಕಣ್ಣಲ್ಲಿ ನೀರು ತುಂಬಿತು. ಇಷ್ಟು ದೊಡ್ಡ ಗಂಡಸು ಅಳುತ್ತಾನೆಂದರೆ ಅದರಲ್ಲಿ ಎಂಥ ಗುಟ್ಟಿರಬೇಕು ಎಂದು ನನಗೆ ಒಳಗೊಳಗೇ ಹಿಗ್ಗು.

ಪಕ್ಕದೂರಿನ ಸ್ಕೂಲಿನ ಮೇಷ್ಟ್ರಿಗೆ ಇಂಗ್ಲಿಷು ಬರುತ್ತಿತ್ತು. ತೋರಿಸಿದೆ. ಅವರು ಎರಡು ಹಾಳೆ ತಿರುಗಿಸಿದರು, ಬೆವತರು. ಒಂದು ಹಾಳೆಯಲ್ಲಿ ನಮ್ಮ ಮನೆಯ ಚಿತ್ರ, ಹಿತ್ತಲು, ಮರ, ಅದರ ತುಂಬ ಅಂಕಿಗಳು, ಗಂಟೆಗಳು.

"ಇದು ದಂಡಿನ ನಕ್ಷೆ ಕಣಮ್ಮ. ನಾನು ಓದೋದಿಲ್ಲ. ನೀನು ತಂದಿಲ್ಲ, ನಾನು ನೋಡಿಲ್ಲ. ಒಲೆಗೆ ಹಾಕಿಬಿಡು."

ಒಲೆಗೆ ಹಾಕಲಿಲ್ಲ. ಮುಂದೆ ಎಂದಾದರೂ ಅವನ ಮೋಸಕ್ಕೆ ಸಾಕ್ಷಿಯಾಗಲಿ ಎಂದು ರಾಗಿ ತುಂಬಿಡುವ ಮಣ್ಣಿನ ವಾಡೆಯ ತಳದಲ್ಲಿ ಹೂತಿಟ್ಟೆ.

ಹದಿನೈದು ದಿನದಲ್ಲಿ ಸುದ್ದಿ ಬಂತು. ಬೋರಣ್ಣನ ಮನೆಯಲ್ಲೇ ನಮ್ಮವರು ಸಿಕ್ಕಿಬಿದ್ದಿದ್ದರು, ಜ್ವರದಲ್ಲಿ ನಡುಗುತ್ತಿದ್ದಾಗಲೇ ಬೇಡಿ ಹಾಕಿದ್ದರು. ಪುಸ್ತಕ ಕದಿಯುವ ಮೊದಲೇ ಸೋಜರ ಹೇಳಿಬಿಟ್ಟಿದ್ದಾನೆ, ಗಾಡಿಯ ಹಿಂದೆ ಯಾರನ್ನೋ ಕಳಿಸಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಮುಂಗಾರಿನ ಮೊದಲ ಮಳೆ ಬಿದ್ದು ಕೊಕ್ಕರೆಗಳು ಹೊರಡುತ್ತಿದ್ದವು. ದಂಡೂ ಡೇರೆ ಕೀಳುತ್ತಿತ್ತು. ಸೋಜರ ಕೊನೆಯ ಸಲ ಬಂದು ಮರದ ಕಡೆ ನೋಡಿ, ನನ್ನ ಕಡೆ ತಿರುಗಿ, ನಮ್ಮಂತೆಯೇ ಕೈ ಮುಗಿದ. ಅವನ ಕಾಲ ಬುಡಕ್ಕೆ ನಾನು ಉಗಿದೆ. ಅವನು ಸೈಕಲ್ಲು ತಳ್ಳಿಕೊಂಡು ಹೋದ.

ನಮ್ಮವರು ಬಿಡುಗಡೆಯಾಗಿ ಬಂದದ್ದು ಯುದ್ಧ ಮುಗಿಯುವ ಹೊತ್ತಿಗೆ. ಎಲುಬಿನ ಹಂದರ, ಅದರೊಳಗೊಂದು ಕೆಮ್ಮು. ಬಂದ ದಿನ ನಾನು ಸೋಜರನಿಗೆ ಶಾಪ ಹಾಕುತ್ತಿದ್ದರೆ ಅವರು ತಡೆದರು.

"ಯಾವ ಸೋಜರನೇ? ನನ್ನ ಇಡಿಸಿದ್ದು ಬೋರಣ್ಣ. ಚಳಿ ಬಂದು ಒದ್ದಾಡ್ತಿದ್ದಾಗ ಕಂಬಳಿ ಒದ್ಸುಬುಟ್ಟು, ಪಂಡಿತ್ರ ಕರ್ಕೊಬತ್ತೀನಿ ಅಂತ ಓದ. ದಫೇದಾರನ್ನ ಕರ್ಕೊಬಂದ."

ಆಸೆಗೆ ಮಾಡಿದನೋ, ಹೆದರಿಕೆಗೆ ಮಾಡಿದನೋ, ಇವತ್ತಿಗೂ ಗೊತ್ತಿಲ್ಲ. ಸೋಜರನಿಗೆ ಶಾಪ ಹಾಕುವುದನ್ನು ಬಿಟ್ಟೆ. ಆದರೂ ಆ ನಕ್ಷೆ ಯಾಕೆ ಬರೆದ ಎನ್ನುವ ಹುಳ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಸ್ವಾತಂತ್ರ್ಯ ಬಂದ ದಿನ ಮೇಷ್ಟ್ರು ಬಾವುಟ ಏರಿಸಿ, ಬೆಲ್ಲ ಹಂಚಿ, ನಮ್ಮವರನ್ನು ನೋಡಲು ಬಂದರು. ಈಗ ಅವರಿಗೆ ಯಾರ ಹೆದರಿಕೆಯೂ ಇರಲಿಲ್ಲ. ವಾಡೆಯಿಂದ ಪುಸ್ತಕ ತೆಗೆದು, ರಾಗಿ ಒರೆಸಿ, ಅವರ ಕೈಗೆ ಕೊಟ್ಟೆ. ಕೊಕ್ಕರೆಗಳಿಲ್ಲದ ಹುಣಸೆಮರದ ಕೆಳಗೆ ಚಾಪೆ ಹಾಸಿ ಕೂತೆವು. ಮೇಷ್ಟ್ರು ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದರು.

ನಕ್ಷೆಯಲ್ಲಿದ್ದ ಅಂಕಿಗಳೆಲ್ಲ ಗೂಡುಗಳು. ಗಂಟೆಗಳೆಲ್ಲ ತಾಯಿ ಮೀನು ತಂದ ಹೊತ್ತು. "ನಾನು ಬಂದರೆ ಮರವೆಲ್ಲ ಎದ್ದು ನಿಲ್ಲುತ್ತದೆ. ಮುದುಕಮ್ಮ ಪೊರಕೆ ಹಿಡಿದು ಓಡಿಬಂದರೂ ಒಂದು ಹಕ್ಕಿ ಏಳಲಿಲ್ಲ. ಕಿರಿಯಾಕೆ ಬಂದರೆ ಒಂದೆರಡು ಕತ್ತೆತ್ತಿ ನೋಡುತ್ತವೆ. ಈ ಮನೆಗೆ ಬಂದು ಹೆಚ್ಚು ವರ್ಷವಾಗಿಲ್ಲವೆಂದು ಕಾಣುತ್ತದೆ." ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಮೇಷ್ಟ್ರು ಹಾಳೆ ತಿರುಗಿಸಿದರು, ದನಿ ಸಣ್ಣದಾಯಿತು.

"ಸಂತೆಯ ದಿನ, ಮಧ್ಯಾಹ್ನ. ಹೊಳೆಯ ಕಡೆಯಿಂದ ಒಬ್ಬ ಮನುಷ್ಯ ಬಂದ. ಜ್ವರದಿಂದ ನಡುಗುತ್ತಿದ್ದ. ಗೂಡುಗಳ ಕೆಳಗೇ ನಡೆದ. ಒಂದು ಹಕ್ಕಿಯೂ ಏಳಲಿಲ್ಲ. ಹಾಗಾದರೆ ಇವನು ಈ ಮನೆಯವನೇ. ಪೊಲೀಸಿನವರು ಹುಡುಕುತ್ತಿರುವವನು ಇವನೇ ಇರಬೇಕು. ನಾನು ಯಾರನ್ನೂ ನೋಡಲಿಲ್ಲ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮುಂದಿನ ಸಾಲು ಓದಿದರು.

"ನನ್ನ ಪಾಲಿನ ಜ್ವರದ ಗುಳಿಗೆಗಳನ್ನು ಅವನಿಗೆಂದು ಕಲ್ಲಿನ ಮೇಲಿಟ್ಟೆ. ಕಿರಿಯಾಕೆ ತೆಗೆದುಕೊಂಡು ಹೋದಳು. ಸಮಾಧಾನವಾಯಿತು."

ನಮ್ಮವರು ನನ್ನ ಕಡೆ ತಿರುಗಿದರು. "ಯಾವ ಗುಳ್ಗೆ ಅಮ್ಮಿ?"

ನೆಲ ಬಾಯಿಬಿಡಬಾರದೇ ಅನ್ನಿಸಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇಸ ಅಂತ ಗೊಬ್ಬರದ ಗುಂಡಿಗೆ ಸುರ್ದ್ಬುಟ್ಟೆ," ಅಂದೆ.

ಅವರು ಗುಂಡಿಯ ಕಡೆ ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಓಗ್ಲಿ ಬುಡಮ್ಮಿ. ಆ ವರ್ಸ ನಮ್ ರಾಗಿಗಾದ್ರೂ ಜ್ವರ ಬರ್ನಿಲ್ಲ."

ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಅತ್ತೆ ಎದ್ದು ಒಳಗೆ ಹೋಗಿ ಅವರಿಗೆ ಒಂದು ಚೆಂಬು ಮಜ್ಜಿಗೆ ತಂದರು. ಮಗನಿಗೆ ಕುಡಿಸಿ, ಉಳಿದದ್ದನ್ನು ಹಿಡಿದುಕೊಂಡು ಬೇಲಿ ದಾಟಿ ಹೋಗಿ, ಗಡಿಕಲ್ಲಿನ ಮೇಲೆ ಇಟ್ಟುಬಂದರು. ಮೂರು ತಿಂಗಳು ಆ ಬಿಸಿಲಲ್ಲಿ ಕೂತಿದ್ದವನಿಗೆ ನಮ್ಮ ಮನೆಯಿಂದ ಒಂದು ಲೋಟ ನೀರೂ ಹೋಗಿರಲಿಲ್ಲ.